ಸೋಡಾ ಮಶೀನು ಮತ್ತು ನೆಲೆಯಿಲ್ಲದ ಕೈ

ಸ್ವಿಚ್ಚನ್ನು ಒಂದೇ ಸಲ ಒತ್ತಿ, ಆಮೇಲೆ ಕೈ ಕಟ್ಟಿಕೊಂಡು ಸುಮ್ಮನೆ ನಿಲ್ಲುವ ಜನರನ್ನು ಕಂಡರೆ ನನಗೆ ಒಂದು ಬಗೆಯ ಭಕ್ತಿ ಹುಟ್ಟುತ್ತದೆ. ಲಿಫ್ಟಿನ ಗುಂಡಿಯನ್ನು ನಾಲ್ಕು ಸಲ ಒತ್ತಿದರೆ ಅದು ನಾಲ್ಕು ಪಟ್ಟು ಬೇಗ ಬರುವುದಿಲ್ಲವೆಂಬ ತಿಳಿವಳಿಕೆ ನನಗೂ ಇದೆ. ಆದರೆ ತಿಳಿವಳಿಕೆ ಇರುವುದು ತಲೆಯಲ್ಲಿ, ಗುಂಡಿ ಇರುವುದು ಬೆರಳಿನ ತುದಿಯಲ್ಲಿ, ಇವೆರಡರ ನಡುವಿನ ರಸ್ತೆ ನನ್ನ ದೇಹದಲ್ಲಿ ಹುಟ್ಟಿನಿಂದಲೇ ಕೆಟ್ಟಿದೆ. ನಾನು ಐದು ವರ್ಷದವನಿದ್ದಾಗ ಗಡಿಯಾರದ ಮುಳ್ಳು ಕಿತ್ತು ಕೈಯಲ್ಲಿ ಹಿಡಿದು ನಿಂತದ್ದನ್ನು ನೋಡಿ ನಮ್ಮ ಅಜ್ಜಿ, "ಇದರ ಕೈಗಿ ಒಂದ ಕಡಿ ನೆಲಿ ಇಲ್ಲ ನೋಡವಾ" ಎಂದು ಷರಾ ಬರೆದುಬಿಟ್ಟಿದ್ದಳು. ಸುಮ್ಮನಿರಲಾರದವನು ಮೈಮೇಲೆ ಇರುವೆ ಬಿಟ್ಟುಕೊಂಡ ಎಂಬ ಗಾದೆಯನ್ನು ಹಿರಿಯರು ಕಟ್ಟಿದ್ದು ನನ್ನಂಥವರಿಗಾಗಿಯೇ. ನಾನು ಬಿಟ್ಟುಕೊಂಡ ಇರುವೆ ಮಾತ್ರ ಕೆಂಪಗಿತ್ತು, ಆರು ಅಡಿ ಎತ್ತರವಿತ್ತು, ಮತ್ತು ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಟೆಂಪೋದಲ್ಲಿ ಬಂತು.

ಅದು ನಮ್ಮ ಕಾಕಾ ಅವರ ಸೋಡಾ ಮಶೀನು. ಅಕ್ಕಲಕೋಟೆಯ ಬಸ್ ನಿಲ್ದಾಣದ ಹತ್ತಿರ ಅವರದೊಂದು ತಂಪುಪಾನೀಯದ ಅಂಗಡಿಯಿತ್ತು. ಸೊಲ್ಲಾಪುರದಲ್ಲಿ ಮುಚ್ಚಿಹೋದ ಚಿತ್ರಮಂದಿರವೊಂದರಿಂದ ಈ ವಿಲಾಯತಿ ಪೆಟ್ಟಿಗೆಯನ್ನು ತಂದು ಅಲ್ಲಿ ಪ್ರತಿಷ್ಠಾಪಿಸಿದ್ದರು. ಎದುರಿಗೆ ಉದ್ದನೆಯ, ಕಿರಿದಾದ ಗಾಜಿನ ಬಾಗಿಲು. ಅದರ ಹಿಂದೆ ಒಂದರ ಮೇಲೊಂದು ಮಲಗಿ ಕುತ್ತಿಗೆಯನ್ನಷ್ಟೇ ಹೊರಚಾಚಿದ ಬಾಟಲಿಗಳು. ಹಳೆಯ ದೊಡ್ಡ ರೂಪಾಯಿ ನಾಣ್ಯವನ್ನು ಸೀಳಿನಲ್ಲಿ ಹಾಕಿದರೆ ಒಳಗೆಲ್ಲೋ ಒಂದು ಕೊಂಡಿ ಕಳಚಿ, ಒಂದೇ ಒಂದು ಬಾಟಲಿ ಎಳೆದ ಕೈಗೆ ಬರುತ್ತದೆ. ಎರಡನೆಯದನ್ನು ಎಳೆದರೆ ಅದು ಮುನಿದ ಬೀಗರಂತೆ ಅಲುಗುವುದಿಲ್ಲ. ಬಾಲ್ಯದ ಬೇಸಿಗೆ ರಜೆಗಳಲ್ಲಿ ನಾನು ಎಳೆಯುತ್ತಿದ್ದುದು ಸದಾ ಎರಡನೆಯದನ್ನೇ ಎಂದು ಬೇರೆ ಹೇಳಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಕಾಕಾ ತೀರಿಕೊಂಡರು. ಅವರ ಮಗ ಅದೇ ಅಂಗಡಿಯಲ್ಲಿ ಮೊಬೈಲ್ ಮಾರತೊಡಗಿದ. ಮಶೀನಿಗೆ ಜಾಗ ಉಳಿಯಲಿಲ್ಲ. ಅದು ಭಂಗಾರದವನ, ಎಂದರೆ ಗುಜರಿಯವನ, ಪಾಲಾಗಲಿದೆಯೆಂದು ಕೇಳಿ, ಚಾದರು ಟವೆಲ್ಲುಗಳ ವ್ಯಾಪಾರವಲ್ಲದೆ ಜಗತ್ತಿನಲ್ಲಿ ಮತ್ತೇನನ್ನೂ ಅರಿಯದ ನಾನು, ನಾನೇ ಒಯ್ದು ದುರುಸ್ತಿ ಮಾಡುತ್ತೇನೆಂದು ಘೋಷಿಸಿದೆ. ಕಾಕು, ಎಂದರೆ ಕಾಕಾ ಅವರ ಹೆಂಡತಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಒಯ್ಯಿ ತಮ್ಮಾ. ಆದ್ರ ಯುಗಾದಿ ಆದ ಮ್ಯಾಲ ಹಲ್ಲ ಕಟ್ಟಿಸ್ಕೊಳ್ಳಾಕ ನಾ ಸೊಲ್ಲಾಪುರಕ್ಕ ಬರತೀನಿ. ಅವತ್ತ ಅದು ಚಾಲೂ ಇರಬೇಕು. ಇಲ್ಲಂದ್ರ ನನ್ನ ಕಣ್ಣ ಮುಂದನ ಭಂಗಾರದಾಂವಗ ಕೊಟ್ಟಬಿಡು. ಅದು ಬಂದ್ ಬಿದ್ದು ಮೂಲ್ಯಾಗ ನಿಂತದ್ದ ನೋಡಾಕ ನನ್ನ ಕೈಲೆ ಆಗೂದಿಲ್ಲ."

ಹಾಗೆ ನನಗೆ ಆರು ತಿಂಗಳ ಗಡುವು ಸಿಕ್ಕಿತು. ನನ್ನಂಥವನಿಗೆ ಆರು ತಿಂಗಳು ಕೊಡುವುದೆಂದರೆ ಮಂಗನಿಗೆ ತೋಟ ತೋರಿಸಿ, ಬೇಲಿಯನ್ನೂ ಕಿತ್ತುಹಾಕಿದಂತೆ.

ಗಣಪತಿ ಹಬ್ಬ ಮುಗಿದ ವಾರ ಮಶೀನು ಮನೆಗೆ ಬಂತು. ಮೌಲಾ ಮಿಸ್ತ್ರಿ ಎಂಬ ಫ್ರಿಜ್ ರಿಪೇರಿಯವನು ನಮ್ಮ ಓಣಿಯ ತುದಿಯಲ್ಲಿದ್ದಾನೆ. ಮಿತಭಾಷಿ, ಕಿವಿಯಿಂದಲೇ ರೋಗ ಕಂಡುಹಿಡಿಯುವ ವೈದ್ಯ. ಟೆಂಪೋದಲ್ಲಿ ಅಡ್ಡ ಮಲಗಿಸಿ ತಂದ ಮಶೀನನ್ನು ಒಂದು ಇಡೀ ದಿನ ನೆಟ್ಟಗೆ ನಿಲ್ಲಿಸಿ, ಮೋಟರಿನ ಎಣ್ಣೆ ತಳಕ್ಕಿಳಿದ ಮೇಲಷ್ಟೇ ಕರೆಂಟು ಕೊಡಬೇಕೆಂದು ಅವನು ಹೇಳಿಹೋದ. ನಾನು ಸಂಜೆಯವರೆಗೆ ತಡೆದೆ. ನನ್ನ ಚರಿತ್ರೆಯಲ್ಲಿ ಅದೊಂದು ದಾಖಲೆ. ಮುಂದಿನ ವಾರಗಳಲ್ಲಿ ಹಿಂಬದಿಯ ಜಾಲರಿಯ ಧೂಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದೆ. ಬಾಗಿಲಿನ ರಬ್ಬರು ಹಿಡಿತ ಬಿಟ್ಟಿದೆಯೇ ಎಂದು ನೋಡಲು ಅದರ ನಡುವೆ ಲಗ್ನಪತ್ರಿಕೆಯೊಂದನ್ನು ಸಿಕ್ಕಿಸಿ ಎಳೆದೆ. ಪತ್ರಿಕೆ ಸಲೀಸಾಗಿ ಬಂತು, ರಬ್ಬರು ಬದಲಾಯಿತು, ಆ ಲಗ್ನಕ್ಕೆ ಹೋಗುವುದು ಮಾತ್ರ ಮರೆತುಹೋಯಿತು.

ನಾಣ್ಯದ ಕಥೆ ಬೇರೆ. ನಮ್ಮ ಮನೆತನದಲ್ಲಿ ಕಿರುಗುಟ್ಟುವ ಎಲ್ಲಕ್ಕೂ ಒಂದೇ ಮದ್ದು, ಶೇಂಗಾ ಎಣ್ಣೆ: ಬಾಗಿಲಿಗೆ, ಜೋಕಾಲಿಗೆ, ಅಜ್ಜನ ಮೊಣಕಾಲಿಗೆ. ಅದೇ ಧರ್ಮಬುದ್ಧಿಯಿಂದ ನಾಣ್ಯದ ಸೀಳಿಗೂ ಎರಡು ಚಮಚ ಎರೆದೆ. ಅದಾಗಿ ಖಂಡೇನವಮಿ ಬಂತು. ಮನೆಯ ತಕ್ಕಡಿ, ಕತ್ತರಿ, ಸ್ಕೂಟರುಗಳ ಜೊತೆ ನನ್ನ ಹೆಂಡತಿ ಮಶೀನನ್ನೂ ಪೂಜಿಸಿದಳು. ಹಬ್ಬದ ದಿನ ಯಾರ ಬಾಯನ್ನೂ ಬರಿದಾಗಿ ಬಿಡಬಾರದೆಂದು, ಅರಿಸಿನ ಕುಂಕುಮವನ್ನು ದಪ್ಪಗೆ ಬಳಿದ ನಾಣ್ಯವೊಂದನ್ನು ಅದರ ಬಾಯಿಗೂ ಹಾಕಿದಳು. ಅಂದಿನಿಂದ ಮಶೀನು ಮೌನವ್ರತ ಹಿಡಿಯಿತು. ಹಾಕಿದ ನಾಣ್ಯ ನುಂಗುತ್ತಿತ್ತು, ಬಾಟಲಿ ಬಿಡುತ್ತಿರಲಿಲ್ಲ. ನಾನು ಕೊಂಡಿ, ಸ್ಪ್ರಿಂಗು, ಸನ್ನೆ ಎಲ್ಲವನ್ನೂ ಬಿಚ್ಚಿ ಹಾಸಿಗೆಯ ಮೇಲೆ ಹರಡಿದೆ. ಕೊನೆಗೆ ಮೌಲಾ ಮಿಸ್ತ್ರಿ ಬಂದು ಸೀಳಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ, ಮೂಸಿದ, ನನ್ನತ್ತ ತಿರುಗಿದ.

"ಏನ್ ಸಾವ್ಕಾರ, ಒಗ್ಗರಣಿ ಹಾಕೀರೇನ್ರಿ ಇದರಾಗ?"

"ಎಣ್ಣಿ ಇವರದ್ರಿ, ಅರಿಸಿನ ಅಷ್ಟ ನಂದು," ಎಂದು ನನ್ನ ಹೆಂಡತಿ ಅಪರಾಧವನ್ನು ನ್ಯಾಯಬದ್ಧವಾಗಿ ವಿಭಜಿಸಿದಳು. ಸ್ಪಿರಿಟ್ ಹಾಕಿ ತೊಳೆದು ಒಣಗಿಸಿದ ಮೇಲೆ ಕೊಂಡಿ ಕಳಚಿತು. ನಾಣ್ಯ ಓಡಾಡುವ ದಾರಿ ಒಣಗಿರಬೇಕು, ಅಲ್ಲಿಗೆ ಎಣ್ಣೆಯೂ ಬೇಡ ಭಕ್ತಿಯೂ ಬೇಡ ಎಂಬುದು ಆ ದಿನದ ಉಪದೇಶ.

ಆದರೆ ಮುಖ್ಯ ವ್ಯಾಧಿ ಹಾಗೆಯೇ ಉಳಿಯಿತು. ಬೆಳಿಗ್ಗೆ ಸ್ವಿಚ್ಚು ಹಾಕಿದರೆ ಮಶೀನು ಗುಂಯ್ ಎಂದು ಸೊಗಸಾಗಿ ಹಾಡತೊಡಗುತ್ತಿತ್ತು. ಅರ್ಧ ತಾಸಿನಲ್ಲಿ ನನಗೆ ಆ ಹಾಡಿನಲ್ಲೊಂದು ಅಪಸ್ವರ ಕೇಳಿಸುತ್ತಿತ್ತು. ಆರಿಸುತ್ತಿದ್ದೆ, ಒಂದು ತಿರುಪು ಬಿಗಿಮಾಡುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಆಗ ಮೋಟರು ಮುಲುಗಿ, ಟಕ್ ಎಂದು ಪ್ರಾಣ ಬಿಡುತ್ತಿತ್ತು. ಮತ್ತೆ ಒತ್ತಿದರೆ ಮತ್ತೆ ಟಕ್. ಓಡಿಹೋಗಿ ಮೌಲಾನನ್ನು, ಅವನ ಚಹಾ ಮುಗಿಯುವವರೆಗೆ ಕಾದು, ಕರೆತಂದರೆ, ಡಾಕ್ಟರರನ್ನು ಕಂಡ ಕೂಡಲೇ ಜ್ವರ ಬಿಡುವ ಮಗುವಿನಂತೆ ಅದು ಮೊದಲ ಏಟಿಗೇ ಹಾಡುತ್ತಿತ್ತು. "ಇದಕ್ಕೇನ ಆಗಿಲ್ರಿ. ಆರಾಮ ಬಿಡ್ರಿ ಅದನ್ನ," ಎಂದು ಅವನು ಪ್ರತಿಸಲ ಹೇಳುತ್ತಿದ್ದ. ಅದನ್ನು ನಾನು ಸೌಜನ್ಯದ ಮಾತೆಂದು ಭಾವಿಸಿದೆ, ಚಿಕಿತ್ಸೆಯೆಂದು ತಿಳಿಯಲಿಲ್ಲ.

ಯುಗಾದಿ ಕಳೆಯಿತು. ಕಾಕು ಬಂದ ದಿನ ಬಿಸಿಲು ಹೆಂಚಿನಂತೆ ಕಾದಿತ್ತು. ಅವರು ದವಾಖಾನೆಗೆ ಹೋಗಿ ಹೊಸ ಹಲ್ಲು ಹಾಕಿಸಿಕೊಂಡು ಮಧ್ಯಾಹ್ನ ನಮ್ಮ ಮನೆಗೆ ಬಂದು, ನಾಲ್ಕರ ಬಸ್ಸಿಗೆ ಅಕ್ಕಲಕೋಟೆಗೆ ಮರಳುವುದೆಂದು ನಿಶ್ಚಯವಾಗಿತ್ತು. ಮಶೀನು ಆಗತಾನೇ ಹಾಡತೊಡಗಿತ್ತು. ಬಾಟಲಿಗಳನ್ನು ತುಂಬಿದ್ದೆ. ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂದು ನಿಂತ ಸದ್ದು; ಅದೇ ಕ್ಷಣಕ್ಕೆ ಮಶೀನಿನ ಹಿಂಬದಿಯಲ್ಲೊಂದು ತಗಡು ಗಿಲಗಿಲ ಎಂದಂತೆ ನನಗೆ ಭಾಸವಾಯಿತು.

"ಬ್ಯಾಡ್ರೀ, ನಿಮಗ ಕೈ ಮುಗೀತೀನಿ," ಎಂದಳು ನನ್ನ ಹೆಂಡತಿ. ಅಷ್ಟು ಹೊತ್ತಿಗೆ ನಾನು ಆರಿಸಿಯಾಗಿತ್ತು. ತಗಡನ್ನು ಒತ್ತಿದೆ, ಸ್ವಿಚ್ಚು ಹಾಕಿದೆ. ಟಕ್.

ಕಾಕು ಹೊಸ್ತಿಲು ದಾಟುವಾಗ ನಾನು ಆರನೆಯ ಸಲವೋ ಏಳನೆಯ ಸಲವೋ ಒತ್ತುತ್ತಿದ್ದೆ. ಹೊಸ ಹಲ್ಲುಗಳಿಂದಾಗಿ ಅವರ ಮುಖಕ್ಕೆ ಅಪರಿಚಿತವಾದ ಗಾಂಭೀರ್ಯ ಬಂದಿತ್ತು. ಅವರು ಮಶೀನನ್ನು ನೋಡಿದರು, ಮುಟ್ಟಲಿಲ್ಲ. ಆರು ತಿಂಗಳ ನನ್ನ ಪಾಂಡಿತ್ಯವೆಲ್ಲ ಬೆವರಾಗಿ ಕತ್ತಿನಿಂದ ಇಳಿಯುತ್ತಿತ್ತು. ಭಂಗಾರದವನ ಹೆಸರು ಅವರ ಬಾಯಿಂದ ಬರುವ ಮೊದಲು ನಾನೇ ಹೇಳಿಬಿಡಲೇ ಎಂದುಕೊಂಡೆ.

"ನೀವ ಬರೂ ಮುಂದ ಚಾಲೂ ಇತ್ರಿ ಕಾಕು. ಈಗ ನೋಡ್ರಿ—"

"ಎಷ್ಟ ಸಲಾ ಒತ್ತಿದಿ?"

"ಏಳೆಂಟ ಸಲಾ ಆತ್ರಿ."

"ಥೇಟ್ ನಿಮ್ಮ ಕಾಕಾ," ಎಂದರು. ತಾವೇ ಬಗ್ಗಿ ಪ್ಲಗ್ಗನ್ನು ಕಿತ್ತು, ನನ್ನ ಮಣಿಕಟ್ಟನ್ನು ಹಿಡಿದು ಗೋಡೆಗಂಟಿದ ಬೆಂಚಿನ ಮೇಲೆ ಕೂಡಿಸಿದರು, ತಾವೂ ಕೂತರು. "ಹತ್ತ ಮಿನಿಟ ಅದರ ತಂಟೇಕ ಹೋಗಬ್ಯಾಡ. ಓಡಿ ಬಂದದ್ದಕ್ಕ ದಮ್ಮ ತಗೊಳ್ಳಾಕ ಬಿಡಬೇಕು. ಒಮ್ಮಿ ಹಿಂಗ ಒತ್ತಿ ಒತ್ತಿ ಮೋಟರ ಸುಟ್ಟಿದ್ರು ಅವರು. ಅವತ್ತಿಂದ ಲೈಟ ಹೋಗಿ ಬಂದ್ರ ಸಾಕು, ನಾ ಹಿಂಗ ಕೈ ಹಿಡದ ಕೂಡಸತಿದ್ದೆ."

ಆಗೆಲ್ಲ ದಿನಕ್ಕೆ ನಾಲ್ಕಾರು ಸಲ ಲೈಟು ಹೋಗುತ್ತಿತ್ತು. ಅಂಗಡಿಯ ಕಟ್ಟೆಯ ಮೇಲೆ ಆ ಇಬ್ಬರು ಅಕ್ಕಪಕ್ಕ ಕೂತಿರುತ್ತಿದ್ದುದನ್ನು ನಾನೂ ನೋಡಿದ್ದೆ; ವ್ಯಾಪಾರವಿಲ್ಲದ್ದಕ್ಕೆ ಕೂತಿದ್ದಾರೆಂದು ತಿಳಿದಿದ್ದೆ.

"ಅವರು ನನ್ನ ಜೋಡಿ ಎಷ್ಟ ಕುಂತಾರ ತಮ್ಮಾ, ಅಷ್ಟೂ ಲೈಟ ಹೋಗಿ ಬಂದಾಗನ," ಎಂದರು ಕಾಕು. "ಮುಂದ ಲೈಟ ಹೋಗೂದ ಕಮ್ಮಿ ಆತು. ಕುಂಡ್ರೂದೂ ಕಮ್ಮಿ ಆತು."

ಓದುಗರೇ, ನೀವು ಯಾವಾಗಲಾದರೂ ಹತ್ತು ನಿಮಿಷವನ್ನು ಪೂರ್ತಿಯಾಗಿ ನೋಡಿದ್ದೀರಾ? ಮೂರನೆಯ ನಿಮಿಷದಲ್ಲಿ ನನ್ನ ಮೊಣಕಾಲು ಕುಣಿಯತೊಡಗಿತು. ಐದನೆಯದರಲ್ಲಿ, ಪ್ಲಗ್ಗಿನ ಒಂದು ಕಾಲು ತುಸು ವಾರೆಯಾಗಿರುವುದು ಕಂಡು ಪ್ರಾಣ ಹೋದಂತಾಯಿತು. ಆದರೆ ಮಣಿಕಟ್ಟಿನ ಮೇಲಿನ ಆ ಕೈ ಬಿಡಲಿಲ್ಲ. ಹಿಡಿತವೂ ಬಿಗಿಯಿರಲಿಲ್ಲ, ರೂಢಿಯ ಹಿಡಿತ. ಮಶೀನಿನೊಳಗೆ ಎಲ್ಲೋ ಒತ್ತಿ ನಿಂತಿದ್ದ ಗಾಳಿ ಸಣ್ಣಗೆ ಸುಯ್ಯೆಂದು ಇಳಿಯುವ ಸದ್ದು ಕೇಳಿಸಿತು. ಆರು ತಿಂಗಳಿಂದ ಅದರ ಎದುರೇ ನಿಂತವನು, ನಾನು ಅದನ್ನು ಕೇಳಿದ್ದು ಅದೇ ಮೊದಲು. ಅದಕ್ಕೆ ಬೇಕಾಗಿದ್ದುದು ದುರುಸ್ತಿಯಲ್ಲ, ದುರುಸ್ತಿಗಾರನಿಂದ ಬಿಡುವು.

"ಹಾಕು ಈಗ. ಒಂದ ಸಲಾ."

ಒಂದೇ ಸಲ ಹಾಕಿದೆ. ಮಶೀನು ಒಮ್ಮೆ ನಡುಗಿ, ಗುಂಯ್ ಎಂದು ನೆಲೆ ಹಿಡಿಯಿತು. ಕಾಕು ಅದರತ್ತ ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಬಾಟಲಿ ತಣ್ಣಗ ಗಾರ ಆಗಾಕ ಎಷ್ಟ ಹೊತ್ತ ಬೇಕು?"

"ನಾಕ ತಾಸರೆ ಬೇಕ್ರಿ ಕಾಕು. ನಿಮ್ಮ ಬಸ್ಸು—"

ಅವರು ಹೊಸ ಹಲ್ಲುಗಳನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು, ಚಪ್ಪಲಿ ಕಳಚಿ, ಕಾಲುಗಳನ್ನು ಬೆಂಚಿನ ಮೇಲೆ ಮಡಚಿಕೊಂಡರು.

"ಹಂಗಾರ ನಾಕ ತಾಸ ಕುಂಡ್ರೂಣಂತ."