ಚಂದ್ರನ ಗಾಲಿ

ಬೈಲಹೊಂಗಲದಲ್ಲಿ ನನ್ನದೊಂದು ಲೇತ್ ಅಂಗಡಿ. ಪಂಪಿನ ಶಾಫ್ಟು, ಕಬ್ಬಿನ ಗಾಣದ ಬಿಡಿಭಾಗ, ಇವೇ ನನ್ನ ಕೆಲಸ. ಗಡಿಯಾರದ ಹುಚ್ಚು ಅಕ್ಕನದು. ರಾಮದುರ್ಗದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಫ್ರಾನ್ಸಿನ ಗಡಿಯಾರದವನೊಬ್ಬನ ಕತೆ ತೆಗೆದಳು.

"ಅವಾ ಸಣ್ಣಾಂವ ಇದ್ದಾಗ ಚರ್ಚಿನ ದೊಡ್ಡ ಗಡಿಯಾರ ಕೆಟ್ಟು ನಿಂತಿತ್ತಂತ. ಇದನ್ನ ಯಾರಿಗೂ ನಡಸಾಕ ಆಗೂದಿಲ್ಲ ಅಂತ ಮಂದಿ ಅಂದ್ರ, ನಾ ನಡಸ್ತೇನಿ ಅಂದ್ನಂತ. ಮುಂದ ತಾನ ಕಲ್ತು ಗಡಿಯಾರ ಮಾಡಿದ, ಗಣಿತದ ಮಾಸ್ತರನೂ ಆದ. ಆ ಚರ್ಚಿನ ಕೆಲಸ ಕೈಗೆ ಬರೂದ್ರಾಗ ಅರವತ್ತು ದಾಟಿತ್ತು. ಹೊಸಾದ ಕಟ್ಟಿ ನಿಲ್ಲಿಸಿದ ನೋಡು! ಗ್ರಹ, ಚಂದ್ರ, ಗ್ರಹಣ, ಎಲ್ಲಾ ಅದ್ರಾಗ. ವರ್ಷಾ ವರ್ಷಾ ತಾರೀಖು ಬದಲಾಗೋ ಹಬ್ಬದ ಲೆಕ್ಕಾನೂ ಗಾಲಿಗಳೇ ಹಾಕ್ತಾವು."

"ಅದಕ್ಕ ನಾ ಏನ್ಮಾಡ್ಲಿ?"

"ನಂಗೂ ಅರವತ್ತಾತು. ನೀ ಗಾಲಿ ಕೊರದು ಕೊಡು. ಸಣ್ಣದ ಸಾಕು. ತಾಸು, ಸೂರ್ಯ, ಚಂದ್ರ, ಇಷ್ಟ."

ನಕ್ಕೆ. ಆದರೆ ಕೆಲಸಕ್ಕೆ ಕೂತೆ. ಅಕ್ಕ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಗಾಲಿಗೆ ಎಷ್ಟು ಹಲ್ಲು ಬೇಕೆಂದು ಹೇಳಿ, ಕೂಡಲೇ ಒರೆಸಿಬಿಡುತ್ತಿದ್ದಳು. ನಾನು ಹಿತ್ತಾಳೆಯಲ್ಲಿ ಕೊರೆಯುತ್ತಿದ್ದೆ. ತಾಸಿನ ಮುಳ್ಳು ನಡೆಯಿತು. ಸೂರ್ಯನ ಬಿಲ್ಲೆಯೂ ತಿರುಗಿತು. ಚಂದ್ರನದೇ ಉಳಿಯಿತು. ಚಂದ್ರ ತೋರಿಸುವ ಪೇಟೆಯ ಗಡಿಯಾರಗಳ ಲೆಕ್ಕ ಅವಳಿಗೆ ಬೇಡವಾಗಿತ್ತು; ಕೆಲವು ವರ್ಷಗಳಲ್ಲಿ ಅವುಗಳ ಹುಣ್ಣಿಮೆ ಒಂದು ದಿನ ಜಾರುತ್ತದೆ ಎನ್ನುತ್ತಿದ್ದಳು. ಕಡೆಗೆ ಫೋನು ಮಾಡಿದಳು: "ಸಿಕ್ತು ತಮ್ಮಾ! ಬಾ, ಹೇಳ್ತೇನಿ."

ನಾನು ರಾಮದುರ್ಗಕ್ಕೆ ಹೋಗುವಷ್ಟರಲ್ಲಿ ಅವಳಿಗೆ ಲಕ್ವಾ ಹೊಡೆದಿತ್ತು.

ಧಾರವಾಡದ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಿದ್ದುಹೋಗಿತ್ತು. ಮಾತಿನಲ್ಲಿ ಉಳಿದದ್ದು ಒಂದೇ ಶಬ್ದ, "ನಾಳಿ". ಹಸಿವೆಗೂ ನಾಳಿ, ಸಿಟ್ಟಿಗೂ ನಾಳಿ.

"ಅಕ್ಕಾ, ಚಂದ್ರನ ಗಾಲಿಗೆ ಎಷ್ಟು ಹಲ್ಲು?" ಎಂದು ಕೇಳಿದೆ. ಕಣ್ಣು ಮಿನುಗಿತು. ಎಡಗೈ ಬೆರಳು ಎತ್ತಿದಳು, ಮಡಚಿದಳು, ಮತ್ತೆ ಎತ್ತಿದಳು. ಪ್ರತಿಸಲ ಬೇರೆಯೇ ಎಣಿಕೆ. "ನಾಳಿ, ನಾಳಿ" ಎಂದು ಹಾಸಿಗೆ ಗುದ್ದಿದಳು. ಸ್ಲೇಟು ಕೊಟ್ಟೆ. ಅದರ ಮೇಲೆ ವಕ್ರ ಗೆರೆಗಳಷ್ಟೇ ಮೂಡಿದವು.

"ಸಾಕ ಬಿಡೋ, ಅಕಿಗೆ ದಣಿವಾಗತೈತಿ," ಎಂದರು ಮಾಮಾ, ಅಕ್ಕನ ಗಂಡ.

ಇಂಟರ್ನೆಟ್ಟಿನಲ್ಲಿ ಹುಡುಕಿ, ಒಂದು ಲೆಕ್ಕ ಹಿಡಿದು ಗಾಲಿ ಕೊರೆದೆ. ಅದನ್ನು ಒಯ್ದು ಅವಳ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಹಲ್ಲುಗಳನ್ನು ನಿಧಾನ ಸವರಿದಳು. ಆಮೇಲೆ ತಲೆ ಅಡ್ಡಡ್ಡ ಆಡಿಸಿ ದೂರ ತಳ್ಳಿದಳು. ಲೆಕ್ಕ ತಪ್ಪಿತ್ತೋ, ಕೊರೆದದ್ದು ಸರಿಯಿರಲಿಲ್ಲವೋ, ಇನ್ನು ಈ ಸುದ್ದಿಯೇ ಬೇಡವಾಗಿತ್ತೋ, ನನಗೆ ಗೊತ್ತಾಗಲಿಲ್ಲ.

"ತಪ್ಪೈತೇನು ಅಕ್ಕಾ? ಹೂಂ ಅನ್ನು, ಇಲ್ಲಾ ಊಹೂಂ ಅನ್ನು."

ಅವಳ ಕಣ್ಣಲ್ಲಿ ನೀರು ಬಂತು. ಮಾಮಾ ಚಹಾ ತಂದಿಟ್ಟರು. ಸವದತ್ತಿ ಮೇಲೆ ಹಾದು ಬೈಲಹೊಂಗಲಕ್ಕೆ ಹೋಗುವ ಬಸ್ಸಿನ ಹೊತ್ತಾದಾಗ ಗಾಲಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಈಗಲೂ ಭಾನುವಾರ ಹೋಗುತ್ತೇನೆ. ಗಾಲಿಯ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ಬಾಳೆಹಣ್ಣು ಸುಲಿದು ಕೊಡುತ್ತೇನೆ, ಎಡಗೈಯಲ್ಲಿ ಹಿಡಿದು ತಾನೇ ತಿನ್ನುತ್ತಾಳೆ. ಒಮ್ಮೊಮ್ಮೆ ನನ್ನನ್ನು ದಿಟ್ಟಿಸಿ, ಅದೇ ಒಂದು ಶಬ್ದದಲ್ಲಿ ಏನೋ ಉದ್ದವಾಗಿ ಹೇಳಹೊರಡುತ್ತಾಳೆ. ನಾನು ಹೂಂಗುಡುತ್ತ ಕೂತಿರುತ್ತೇನೆ.