ಗುರಿಕಾರರ ಬಿಳಿ ಗೋಡೆ

ಹೋದ ವಾರ ನಮ್ಮ ಕಂಪೆನಿಯವರು ನನ್ನನ್ನು ಒಮಾನಿನ ಒಳನಾಡಿನ ಇಬ್ರಿಗೆ ಕಳಿಸಿದ್ದರು. ಅಲ್ಲಿ ಒಂದು ಹಳೆಯ ಮಣ್ಣಿನ ಮಸೀದಿಯ ರಿಪೇರಿ ನಡೆಯುತ್ತಿದೆ. ಡ್ರಮ್ಮಿನಲ್ಲಿದ್ದ ಸುಣ್ಣಕ್ಕೆ ನೀರು ಬಿದ್ದ ಕೂಡಲೇ ಅದು ಬುಸುಗುಟ್ಟಿತು. ಆ ಬಿಸಿ, ಆ ಖಾರ ವಾಸನೆ ಮೂಗಿಗೆ ಹೊಡೆದದ್ದೇ ತಡ, ಗುರಿಕಾರರು ನೆನಪಾದರು.

ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಇಗರ್ಜಿಯ ಒಂದೊಂದು ವಾಳೆಗೂ, ಎಂದರೆ ವಾರ್ಡಿಗೂ, ಒಬ್ಬ ಮುಖಂಡ ಇರುತ್ತಾನೆ, ಅವನೇ ಗುರಿಕಾರ. ನಮ್ಮ ಗುರಿಕಾರರು ಮಸ್ಕತ್ತಿಗೆ ಬಂದು ಸ್ಟೋರ್‌ಕೀಪರ್ ಆದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ. ಸಣ್ಣ ದೇಹ, ದೊಡ್ಡ ಗಂಟಲು. ಪೂಜೆಯಲ್ಲಿ ಹಾಡುವಾಗ ಅವರದ್ದೇ ರಾಗ. ಉಳಿದವರು ಬೇಕಾದರೆ ಬಂದು ಸೇರಿಕೊಳ್ಳಬೇಕು. ನಾನೂ ಅವರದೇ ವಾಳೆಯವನು.

ನಮ್ಮೂರ ಇಗರ್ಜಿ ಪೋರ್ಚುಗೀಸರ ಕಾಲದ್ದೆಂದು ಹಿರಿಯರು ಹೇಳುತ್ತಿದ್ದರು. ದಪ್ಪ ಮುರಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ. ಇಗರ್ಜಿಯ ವರ್ಷದ ಹಬ್ಬ ಸಾಂತ್‌ಮಾರಿ ಬಂತೆಂದರೆ ಒಂದೊಂದು ವಾಳೆಯವರು ಒಂದೊಂದು ಗೋಡೆಗೆ ಚಿಪ್ಪಿನ ಸುಣ್ಣ ಬಳಿಯಬೇಕು, ಅದು ಪದ್ಧತಿ. ಗಂಡಸರು ಏಣಿ ಹತ್ತಿದರೆ ಹೆಂಗಸರು ಕೆಳಗೆ ನಿಂತು "ಅಗೋ ಅಲ್ಲಿ ಬಿಟ್ಟುಹೋಯ್ತು, ಕಣ್ಣು ಮನೆಯಲ್ಲಿ ಇಟ್ಟು ಬಂದದ್ದಾ?" ಎಂದು ಕಾಡುತ್ತಿದ್ದರು. ದಕ್ಷಿಣದ ಗೋಡೆ ನಮ್ಮ ವಾಳೆಯದು.

ಕುವೈತ್ ಯುದ್ಧದಿಂದ ಜೀವ ಉಳಿಸಿಕೊಂಡು ಬಂದ ನಮ್ಮೂರಿನ ಕೆಲವರು ಆಮೇಲೆ ಒಮಾನಿನಲ್ಲಿ ನೆಲೆ ಕಂಡರು. ಬದುಕಿ ಬಂದದ್ದಕ್ಕೆ ಹರಕೆ ಎಂದು ಇಗರ್ಜಿಗೆ ದುಬಾರಿ ಪ್ಲಾಸ್ಟಿಕ್ ಪೇಂಟ್ ಹೊಡೆಸಿದರು. ತಿಳಿ ಹಸಿರು, ಮಿರಮಿರ ಮಿಂಚುತ್ತಿತ್ತು. ಸುಣ್ಣ ಬಳಿಯುವ ಪದ್ಧತಿ ಅಲ್ಲಿಗೆ ನಿಂತಿತು. ಆದರೆ ಸುಣ್ಣದ ಗೋಡೆ ಉಸಿರಾಡುವ ಗೋಡೆ. ಪೇಂಟ್ ಅದರ ಮೂಗು ಮುಚ್ಚಿತು. ಕೆಲವು ಮಳೆಗಾಲ ಕಳೆಯುವುದರೊಳಗೆ, ಒಳಗಿನ ತೇವ ಹೊರಗೆ ಬರಲಾರದೆ, ಗಾರೆ ಹಪ್ಪಳದ ಹಾಗೆ ಉಬ್ಬಿ ಉದುರತೊಡಗಿತು. ಹಾಳು ಮಾಡಿದ್ದು ಪೇಂಟು, ಹೆಸರು ಕೆಟ್ಟದ್ದು ಗೋಡೆಯದು. ಇಗರ್ಜಿ ಕೊಳೆತಿದೆ, ಕೆಡವಿ ಹೊಸದು ಕಟ್ಟಬೇಕು ಎಂದು ಇಲ್ಲಿ ಮಸ್ಕತ್ತಿನಲ್ಲಿ ಒಂದು ಸಮಿತಿಯೇ ಎದ್ದಿತು.

ವಾರದ ರಜೆಯ ಶುಕ್ರವಾರ ಪೂಜೆ ಮುಗಿಸಿ ಅಲ್ ಹೈಲ್‌ನ ಒಂದು ಫ್ಲಾಟಿನಲ್ಲಿ ಸಭೆ ಸೇರಿದೆವು. ಸಮಿತಿಯ ಅಧ್ಯಕ್ಷರು ಹೊಸ ಇಗರ್ಜಿಯ ಬಣ್ಣದ ಚಿತ್ರ ತಂದಿದ್ದರು. ಗಾಜು, ಕಾಂಕ್ರೀಟು, ಎದುರಿಗೆ ದೊಡ್ಡ ಪೋರ್ಟಿಕೊ.

"ಈ ಮಾಲ್‌ನಲ್ಲಿ ಟ್ರಾಲಿ ಎಲ್ಲಿ ಸಿಗ್ತದೆ ಮಾರ್ರೆ?" ಎಂದರು ಗುರಿಕಾರರು.

ಕೆಲವರು ನಕ್ಕರು. ಅಧ್ಯಕ್ಷರು ನಗಲಿಲ್ಲ. "ತಮಾಷೆ ಸಾಕು ಗುರಿಕಾರ್ರೆ. ಆ ಗೋಡೆಗೆ ಜೀವ ಇಲ್ಲ. ಖಲಾಸ್."

"ಅದರ ಮೂಗು ಹಿಡಿದು ಕೂತವರು ನೀವು, ಜೀವ ಎಲ್ಲಿಂದ ಬರ್ಬೇಕು? ನಮ್ಮ ವಾಳೆಯ ಗೋಡೆ ಒಂದು ನನಗೆ ಬಿಡಿ. ಪೇಂಟ್ ಕೆರೆದು ಸುಣ್ಣ ಬಳೀತೇನೆ. ಮಳೆ ಮುಗಿದ ಮೇಲೆ ಕೈ ಇಟ್ಟು ನೋಡಿ. ಒದ್ದೆ ಇದ್ರೆ ಮೊದಲ ಪಿಕ್ಕಾಸು ನಾನೇ ಹಾಕ್ತೇನೆ. ಒಣಗಿದ್ರೆ ಇಗರ್ಜಿ ಮುಟ್ಟಬಾರ್ದು."

"ಆಯ್ತು" ಎಂದರು ಅಧ್ಯಕ್ಷರು. ಎಲ್ಲರೆದುರು ಕೊಟ್ಟ ಮಾತು.

ನಾನು ಪ್ಲಾಸ್ಟರ್ ಕೆಲಸದವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದವನು. ನಾನು ತೀಡಿದ ಗೋಡೆಗೆ ಇವತ್ತಿನ ತನಕ ಯಾವ ಇಂಜಿನಿಯರೂ ಬೆರಳು ತೋರಿಸಿಲ್ಲ. ಗುರಿಕಾರರ ಜೊತೆಗೇ ರಜೆ ಹಾಕಿ ಊರಿಗೆ ಹೋದೆ. ಪೇಂಟ್ ಹಾವಿನ ಪೊರೆಯ ಹಾಗೆ ಸುಲಿದು ಬಂತು. ಸುಡುವ ಬೇಸಿಗೆಯಲ್ಲೂ ಅದರ ಹಿಂದಿನ ಗಾರೆ ಹಸಿಯಾಗಿತ್ತು. ಗುರಿಕಾರರು ಅಂಗೈ ಇಟ್ಟು, "ಪಾಪ, ಹೇಗೆ ಬೆವರಿದೆ ನೋಡು ಮಗಾ" ಎಂದರು. ಉದುರಿದಲ್ಲಿ ಹೊಸ ಗಾರೆ ಹಾಕಿ, ಸುಣ್ಣ ಬಳಿದೆವು. ಏಣಿಯ ಮೇಲೆ ಅವರು ಹಾಡಿದ್ದು ರಸ್ತೆಯವರೆಗೆ ಕೇಳುತ್ತಿತ್ತು...

ಮಳೆಗಾಲ ಮುಗಿಯುವಾಗ ಅಧ್ಯಕ್ಷರೇ ಊರಿಗೆ ಹೋಗಿ ನೋಡಿ ಬಂದರು. ಹಸಿರು ಗೋಡೆಗಳೆಲ್ಲ ಬೂಸ್ಟು ಹಿಡಿದು ಒದ್ದೆ. ನಮ್ಮದು ಒಣಗಿತ್ತು. ಸಭೆಯಲ್ಲಿ ಅವರು ಇದನ್ನು ಒಪ್ಪಿಕೊಂಡರು. ಗುರಿಕಾರರ ಮುಖ ಅರಳಿತು. ಆಗ ಅಧ್ಯಕ್ಷರು ಚಟ್ಟಂಬಡೆ ಜಗಿಯುತ್ತಲೇ ಹೇಳಿದರು:

"ಒಣಗಿದ್ದು ಒಳ್ಳೇದೇ ಆಯ್ತಲ್ಲ. ಒಡೀಲಿಕ್ಕೆ ಹಗುರ."

ಕೋಣೆಗೆ ಕೋಣೆಯೇ ನಕ್ಕಿತು. ಎಣ್ಣೆ ಬಾಯಿಗಳ ಆ ನಗು ಈಗ ನೆನೆದರೂ ನನಗೆ ಹೇಸಿಗೆ ಬರುತ್ತದೆ.

"ಮಾತು ಕೊಟ್ಟಿದ್ರಲ್ಲ?" ಎಂದೆ ನಾನು.

"ಶಂಕುಸ್ಥಾಪನೆಗೆ ದಿನ ಗೊತ್ತಾಗಿದೆ ಮಾರಾಯಾ. ಯಲ್ಲಾ, ಊಟಕ್ಕೆ ಏಳಿ."

ಗುರಿಕಾರರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮುಂದಿನ ಮಳೆಯ ಒಳಗೆ ಇಗರ್ಜಿ ನೆಲಸಮವಾಯಿತು. ಆಮೇಲೆ ಇಲ್ಲಿನ ಪೂಜೆಯಲ್ಲಿ ಅವರು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಹಾಡುತ್ತಿರಲಿಲ್ಲ. ವೀಸಾ ಮುಗಿಸಿ ಊರಿಗೆ ಹೋದವರು ಹೊಸ ಕಟ್ಟಡದ ಮೆಟ್ಟಿಲು ಹತ್ತಲಿಲ್ಲ. ಬಸ್ಸಿನಲ್ಲಿ ಪಕ್ಕದ ಊರಿನ ಇಗರ್ಜಿಗೆ ಹೋಗುತ್ತಿದ್ದರಂತೆ. ಅವರು ತೀರಿಕೊಂಡಾಗ ನನಗೆ ರಜೆ ಸಿಗಲಿಲ್ಲ...

ಇಬ್ರಿಯಿಂದ ಬಂದ ಮೇಲೆ, ಮೊನ್ನೆ, ಮಸ್ಕತ್ತಿನ ಬೌಷರಿನಲ್ಲಿ ಅದೇ ಅಧ್ಯಕ್ಷರ ಮನೆಯಲ್ಲಿ ಮೊಮ್ಮಗುವಿನ ನಾಮಕರಣದ ಊಟ. ಹಜಾರದ ಗೋಡೆಯ ನಡುವೆ ನಮ್ಮ ಹಳೆಯ ಇಗರ್ಜಿಯ ದೊಡ್ಡ ಫೋಟೊ, ಚಿನ್ನದ ಬಣ್ಣದ ಚೌಕಟ್ಟು, ಮೇಲೊಂದು ಲೈಟು. ಆ ಮಳೆಗಾಲದ ಕೊನೆಗೆ ಹೋದಾಗ ಅವರೇ ತೆಗೆದದ್ದಂತೆ. ಬಂದವರಿಗೆಲ್ಲ ತೋರಿಸುತ್ತಿದ್ದರು.

"ಎಂಥಾ ಇಗರ್ಜಿ ಮಾರಾಯಾ! ಒಳಗೆ ಹೋದ್ರೆ ಎಷ್ಟು ತಂಪು! ಈಗ ಅಂಥದ್ದು ಯಾರು ಕಟ್ತಾರೆ?" ಎಂದು ನನ್ನ ಹೆಗಲ ಮೇಲೆ ಕೈ ಹಾಕಿದರು. ಆಮೇಲೆ ಫೋಟೊಕ್ಕೆ ಬೆರಳಿಟ್ಟು ಕೇಳಿದರು: "ಇದೊಂದು ಗೋಡೆ ಮಾತ್ರ ಬಿಳಿ ಉಂಟಲ್ಲ, ಯಾಕೆ? ನಿನಗೇನಾದ್ರೂ ನೆನಪುಂಟಾ?"

ತಮಾಷೆಯೋ ಎಂದು ಮುಖ ನೋಡಿದೆ. ತಮಾಷೆಯಲ್ಲ. ನಿಜಕ್ಕೂ ಮರೆತಿದ್ದರು.

"ಅದು ಗುರಿಕಾರ್ರು ಒಣಗಿಸಿ ಕೊಟ್ಟ ಗೋಡೆ" ಎಂದೆ.

"ಹೌದಾ?" ಎಂದು ಅವರು ಮುಂದಿನ ಅತಿಥಿಯ ಕೈ ಹಿಡಿದು ಫೋಟೊದ ಕಡೆಗೆ ಕರೆದುಕೊಂಡು ಬಂದರು.

ಮುರಿದವರ ಮನೆಯಲ್ಲಿ ಆ ಗೋಡೆಗೆ ದೀಪ. ಗುರಿಕಾರರೂ ಇಲ್ಲ, ಗೋಡೆಯೂ ಇಲ್ಲ. ನಾನು ಊಟ ಮುಟ್ಟದೆ ಮೆಟ್ಟಿಲಿಳಿದೆ.