ಮುಂಬೈ ದರ ಇಳಿಯುವ ತನಕ

ಈ ಜನ್ಮದಲ್ಲಿ ನನ್ನ ಬಾಯಿಂದ ಅತಿ ಹೆಚ್ಚು ಸಲ ಹೊರಟ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ದೇವರ ಹೆಸರಲ್ಲ, ಹೆಂಡತಿಯ ಹೆಸರೂ ಅಲ್ಲ. 'ತಡೀರಿ' ಎಂಬ ಮೂರಕ್ಷರ. ಅದರಿಂದಲೇ ಹೊಟ್ಟೆ ಹೊರೆದಿದ್ದೇನೆ, ಅದರಿಂದಲೇ ಊರಲ್ಲಿ ಬುದ್ಧಿವಂತ ಅನ್ನಿಸಿಕೊಂಡಿದ್ದೇನೆ. ಈಗ ಅದೇ ಮಾತು ಬಾಯಿಗೆ ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಡೀ... ನೋಡಿ, ಬಂದೇಬಿಟ್ಟಿತು.

ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. ದಿನದ ವ್ಯಾಪಾರ ಮುಗಿಯುತ್ತಿದ್ದಂತೆ ಹೊರಗೆ ತೂಗುಹಾಕಿದ ಕರಿಹಲಗೆಯ ಮೇಲೆ ಆವತ್ತಿನ ದರವನ್ನು ಸೀಮೆಸುಣ್ಣದಲ್ಲಿ ದಪ್ಪಗೆ ಬರೆಯುವುದು ನನ್ನ ಕೆಲಸ. ಬೆಳೆಗಾರರು ಅಡಿಕೆ ಮೂಟೆ ತಂದು ಮಂಡಿಯಲ್ಲಿ ಇಟ್ಟಿರುತ್ತಾರೆ. ಯಾವತ್ತು ಮಾರಬೇಕೆಂಬುದು ಅವರಿಗೆ ಬಿಟ್ಟದ್ದು. ನಿಟ್ಟೂರಿನಿಂದ, ಹೊಸನಗರದಿಂದ ಬಸ್ಸಿಳಿದು ಬಂದವರು ಹಲಗೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಕೊಟ್ಟುಬಿಡಲೋ ಇಡಲೋ ಎಂದು ಕೇಳುತ್ತಿದ್ದರು. ನಾನು ಸುಣ್ಣದ ಕೈ ಒರೆಸಿಕೊಳ್ಳುತ್ತಾ, ಏನೋ ಒಳಗಿನ ಗುಟ್ಟು ಬಲ್ಲವನ ಹಾಗೆ ಕಣ್ಣು ಸಣ್ಣದು ಮಾಡಿ, 'ತಡೀರಿ' ಅನ್ನುತ್ತಿದ್ದೆ. ದರ ಏರಿದರೆ ಹಲಸಿನ ಹಪ್ಪಳದ ಕಟ್ಟು ನಮ್ಮ ಮನೆಗೆ ಬರುತ್ತಿತ್ತು. ಇಳಿದರೆ ಬೈಗುಳ ಸರ್ಕಾರಕ್ಕೆ ಹೋಗುತ್ತಿತ್ತು. ಇಷ್ಟು ನಿರಪಾಯದ ನೌಕರಿ ಇನ್ನೊಂದಿಲ್ಲ.

ನನ್ನ ಹೆಂಡತಿ ಕುಸುಮ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ನಾನು ನಿವೃತ್ತನಾದ ವರ್ಷವೇ ಅವಳು ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳಲು ಶುರುಮಾಡಿದಳು. ಊಟಕ್ಕೆ ಕೂತರೆ ತಟ್ಟೆಯ ಪಕ್ಕದ ನೀರಿನ ಲೋಟ ಉರುಳುತ್ತಿತ್ತು. 'ನೋಡ್ಕೊಂಡು ಮಾಡೋಕೆ ಎಂತ ನಿಂಗೆ' ಎಂದು ನಾನು ಗದರುತ್ತಿದ್ದೆ. ಕೊನೆಗೆ ಅವಳೇ ಹಟ ಹಿಡಿದು ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಹೊರಟಳು. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಸವೆದಿದೆ ಎಂದರು ಡಾಕ್ಟರು. ಬದಿಗಳಿಂದ ಕತ್ತಲೆ ಬರುತ್ತದಂತೆ, ನಡುವಿನ ನೋಟ ಕೊನೆಗೆ ಹೋಗುತ್ತದಂತೆ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧಿಯ ಹನಿ ಹಾಕಿ ಕಾಪಾಡಿಕೊಳ್ಳಬೇಕು, ಅದೂ ಎಷ್ಟು ದಿನ ಎಂದು ಹೇಳುವುದು ಕಷ್ಟ, ಸಾಮಾನ್ಯವಾಗಿ ನಿಧಾನ ಎಂದರು. ಇಷ್ಟೆಲ್ಲ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು 'ನಿಧಾನ' ಎಂಬುದೊಂದೇ. ಆ ಮಾತು ನನಗೆ ಮೊದಲಿನಿಂದಲೂ ಇಷ್ಟ.

ವಾಪಸು ಬರುವಾಗ ಬಸ್ಸು ಆನಂದಪುರ ದಾಟಿತು. ಆಮೇಲೆ ಕುಸುಮ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. 'ಮುಂಬೈಗೆ ಹೋಗಿ ಬರಾಣ. ಎರಡು ದಿನ ಸಾಕು. ಆ ದೀಪಗಳನ್ನ ಇನ್ನೊಂದ್ಸಲ ಎಲ್ಲಾ ಒಟ್ಟಿಗೆ ನೋಡ್ಬೇಕು ನಂಗೆ.'

ಆ ದೀಪಗಳ ಕತೆ ಮದುವೆಯಾದಾಗಿನಿಂದ ಕೇಳಿದ್ದೆ. ಪಿಯುಸಿ ರಜೆಯಲ್ಲಿ ಅವಳು ಮುಂಬೈಯ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಒಂದು ಸಂಜೆ ಎರಡಂತಸ್ತಿನ ಬಸ್ಸಿನ ಮೇಲೆ ಕೂತು ಬರುವಾಗ, ಸಮುದ್ರದ ದಂಡೆ ಬಿಲ್ಲಿನ ಹಾಗೆ ಬಾಗಿದಲ್ಲಿ ಉದ್ದಕ್ಕೂ ದೀಪ ಹೊತ್ತಿಕೊಂಡವಂತೆ. ಈ ತುದಿಯಿಂದ ಆ ತುದಿಯವರೆಗೆ, ಒಂದೇ ನೋಟಕ್ಕೆ. ಮರುಕ್ಷಣ ಬಸ್ಸು ತಿರುಗಿತು, ನಾಳೆ ಇಳಿದು ನೋಡೋಣ ಎಂದರು ಚಿಕ್ಕಪ್ಪ, ಆ ನಾಳೆ ಬರಲಿಲ್ಲ. ಅವಳು ಹೇಳುವಾಗಲೆಲ್ಲ ನಾನು, ಅದೆಲ್ಲ ನಮ್ಮ ಲಿಂಗನಮಕ್ಕಿ ಅಣೆಕಟ್ಟಿನ ಕರೆಂಟೇ ಮಾರಾಯ್ತಿ, ಇಲ್ಲಿ ಹೋಗಿ ಅಲ್ಲಿ ಉರಿಯುತ್ತಿದೆ ಎಂದು ತಮಾಷೆ ಮಾಡುತ್ತಿದ್ದೆ. ಆವತ್ತು ಬಸ್ಸಿನಲ್ಲಿ ತಮಾಷೆ ಮಾಡಲಿಲ್ಲ. ಆಯಿತು, ಹೋಗೋಣ ಎಂದೆ. ಮನಸ್ಸಿನಲ್ಲಿ ಸುಳ್ಳಿರಲಿಲ್ಲ.

ಅವಳಿಗೆ ಸಿಗುವುದು ಒಂದು ಶನಿವಾರದ ರಜೆ, ಅದಕ್ಕೆ ಹೊಂದಿಕೊಂಡ ಭಾನುವಾರ. ರೈಲಿನಲ್ಲಿ ಹೋದರೆ ಎರಡು ದಿನ ದಾರಿಯಲ್ಲೇ ಮುಗಿಯುತ್ತದೆ. ಹಾಗಾಗಿ ವಿಮಾನ ಎಂದಾಯಿತು. ತೀರ್ಥಹಳ್ಳಿಯಲ್ಲಿ ಟೈರು ಅಂಗಡಿ ಇಟ್ಟಿರುವ ಅವಳ ತಮ್ಮ ಸತೀಶ ಬಂದು ನನ್ನ ಮೊಬೈಲಿಗೆ ಟಿಕೆಟ್ಟಿನ ಆ್ಯಪ್ ಹಾಕಿಕೊಟ್ಟು, ಹುಬ್ಬಳ್ಳಿಯಿಂದ ಮುಂಬೈಗೆ ಮುಂದಿನ ತಿಂಗಳ ಒಂದು ಶನಿವಾರದ ದರ ತೋರಿಸಿದ. ಒತ್ತಿಬಿಡಲಾ ಎಂದು ಕೇಳಿದ. ನಾನು ಕನ್ನಡಕ ಏರಿಸಿ ಆ ಅಂಕಿಯನ್ನು ನೋಡಿದೆ, ಕಣ್ಣು ಸಣ್ಣದು ಮಾಡಿದೆ. 'ತಡಿಯೋ' ಎಂದೆ.

ಇಲ್ಲೇ ನನ್ನ ವಿದ್ಯೆ ನನಗೆ ಕೈಕೊಟ್ಟದ್ದು. ಮೂವತ್ತೊಂದು ವರ್ಷ ನಾನು ಕೂತದ್ದು ಮಾರುವವರ ಪಕ್ಕದಲ್ಲಿ. ಕೊಳ್ಳುವವನು ಹೇಗೆ ಯೋಚಿಸಬೇಕೆಂದು ನನಗೆ ಯಾರೂ ಹೇಳಿಕೊಡಲಿಲ್ಲ. ಏರುವ ದರಕ್ಕೆ ಕಾದ ಹಾಗೆಯೇ ಇಳಿಯುವ ದರಕ್ಕೂ ಕಾಯುವುದು, ಅಷ್ಟೇ ತಾನೆ ಎಂದುಕೊಂಡೆ. ಮಂಡಿಯವರು ಬೇಡವೆಂದು ಕೊಟ್ಟ ಹಳೆಯ ಕರಿಹಲಗೆ ಅಟ್ಟದ ಮೇಲಿತ್ತು. ಇಳಿಸಿ, ಒರೆಸಿ, ಜಗಲಿಯ ಗೋಡೆಗೆ ತೂಗುಹಾಕಿದೆ. ದಿನಾ ಬೆಳಿಗ್ಗೆ ಕಾಫಿ ಕುಡಿದು ಮೂರು ಸಾಲು ಬರೆಯತೊಡಗಿದೆ. ಅಡಿಕೆ ಇಷ್ಟು, ಲಿಂಗನಮಕ್ಕಿ ನೀರು ಇಷ್ಟಡಿ, ಮುಂಬೈ ಇಷ್ಟು.

ಊರಿನವರಿಗೆ ಅದು ಬಹಳ ಹಿಡಿಸಿತು. ಹಾಲು ತರಲು ಹೋದವರು, ವಾಕಿಂಗ್ ಹೊರಟವರು ಗೇಟಿನ ಹೊರಗೆ ನಿಂತು, ಮುಂಬೈ ಇವತ್ತು ಸ್ವಲ್ಪ ಏರಿದೆಯಲ್ಲ ಎಂದು ಚಿಂತೆ ಮಾಡುತ್ತಿದ್ದರು. ಮುಂಬೈಯಲ್ಲಿ ಅವರಿಗೆ ಕಾಸಿನ ಕೆಲಸವಿರಲಿಲ್ಲ. ಆದರೂ ದರ ಅಂದಮೇಲೆ ದರವೇ. ನಮ್ಮ ಕಡೆ ಕಾಯುವವನಿಗೆ ಒಂದು ಮರ್ಯಾದೆಯಿದೆ. ಕೈಗೆ ಬಂದದ್ದನ್ನು ಅವಸರಕ್ಕೆ ಕೊಟ್ಟುಬಿಟ್ಟವನನ್ನು ಹತ್ತು ವರ್ಷ ಆಡಿಕೊಳ್ಳುತ್ತಾರೆ. ಕಾದವನು ಕಳೆದುಕೊಂಡರೂ ಗಟ್ಟಿಗ.

ನಮ್ಮ ಅಜ್ಜ ಊರು ಬಿಡುವ ಮುಂಚೆ ಪಂಚಾಂಗ ನೋಡುತ್ತಿದ್ದರು. ಮಂಗಳವಾರ ಬೇಡ, ಅಷ್ಟಮಿ ನವಮಿ ಬೇಡ, ರಾಹುಕಾಲ ಕಳೆಯಲಿ. ನಾನು ಕಾಲೇಜು ಓದುತ್ತಿದ್ದಾಗ ಅವರನ್ನು ನೋಡಿ ನಗುತ್ತಿದ್ದೆ. ಅಜ್ಜ ನೋಡುತ್ತಿದ್ದದ್ದು ಒಂದೇ ಪಂಚಾಂಗ. ನಾನು ಮೊಬೈಲಿನಲ್ಲಿ ಹತ್ತು ನೋಡಿದೆ. ಮಂಗಳವಾರ ಮಧ್ಯಾಹ್ನವೇ ಟಿಕೆಟ್ ಕೊಳ್ಳಬೇಕು ಎಂದು ಒಬ್ಬ ಪಂಡಿತ. ಹೊರಡುವ ಆರು ವಾರ ಮೊದಲು ಎಂದು ಇನ್ನೊಬ್ಬ. ಒಂದೇ ಊರನ್ನು ದಿನಾ ನೋಡಿದರೆ ಅವರಿಗೆ ನಮ್ಮ ಆಸೆ ಗೊತ್ತಾಗಿ ದರ ಏರಿಸುತ್ತಾರೆ ಎಂದು ಮತ್ತೊಬ್ಬ. ಅವನ ಮಾತು ನಂಬಿ ನಾನು ಒಂದು ವಾರ ಪೂರ್ತಿ ಕೋಲ್ಕತ್ತಾದ ದರ ನೋಡಿದೆ, ಇವನಿಗೆ ಮುಂಬೈ ಬೇಡವಾಗಿದೆ ಎಂದು ವಿಮಾನದವರು ತಿಳಿಯಲಿ ಅಂತ. ಗೋವಾದಿಂದ ನೋಡಿದೆ, ಮಂಗಳೂರಿನಿಂದ ನೋಡಿದೆ, ಬೆಂಗಳೂರಿಗೆ ತಾಳಗುಪ್ಪದ ರೈಲು ಹಿಡಿದು ಅಲ್ಲಿಂದ ಹಾರಿದರೆ ಎಷ್ಟಾಗುತ್ತದೆ ಎಂದೂ ನೋಡಿದೆ. ಅಜ್ಜ ಎಷ್ಟು ತಿಥಿ ನೋಡಿದರೂ ಕೊನೆಗೊಂದು ದಿನ ಕೊಡೆ ಹಿಡಿದು ಹೊರಟುಬಿಡುತ್ತಿದ್ದರು.

ದೀಪಾವಳಿ ಬಂತು, ದರ ಏರಿತು. ಕ್ರಿಸ್‌ಮಸ್ ಬಂತು, ಏರಿತು. ಸಂಕ್ರಾಂತಿ ವಾರಾಂತ್ಯಕ್ಕೆ ತಾಗಿಕೊಂಡು ಬಂತು, ಮತ್ತೂ ಏರಿತು. ಬೇಸಿಗೆ ರಜೆಯ ದರವನ್ನಂತೂ ಹಲಗೆಯ ಮೇಲೆ ಬರೆದು ಕೂಡಲೇ ಒರೆಸಿಬಿಟ್ಟೆ. ಒಂದೆರಡು ಸಲ ಚೆನ್ನಾಗಿಯೇ ಇಳಿದಿತ್ತು. ಇಳಿಯುತ್ತಿರುವಾಗ ಯಾರಾದರೂ ಕೊಳ್ಳುತ್ತಾರೆಯೇ, ಇನ್ನೂ ಇಳಿಯಲಿ ಎಂದು ಕೂತೆ. ಮಾರನೆಯ ದಿನ ಏರಿತ್ತು. ಮಳೆಗಾಲ ಕಳೆದು ಮತ್ತೆ ದೀಪಾವಳಿ ಬಂತು.

ಸತೀಶ ಒಂದು ಭಾನುವಾರ ಬಂದವನು ಹಲಗೆಯ ಎದುರು ತುಂಬ ಹೊತ್ತು ನಿಂತ. ಅವನು ಸಾಮಾನ್ಯವಾಗಿ ನನ್ನೆದುರು ದನಿ ಏರಿಸುವವನಲ್ಲ. 'ಬಾವ, ಅಡಿಕೆ ಆದ್ರೆ ಗೋಣೀಲಿ ಕಟ್ಟಿಟ್ರೆ ಇರ್ತದೆ' ಎಂದ. 'ಅಕ್ಕನ ಕಣ್ಣು ಇರ್ತದಾ?' ಟಿಕೆಟ್ಟಿನ ದುಡ್ಡು ತಾನು ಕೊಡುತ್ತೇನೆ, ಈಗಲೇ ಒತ್ತೋಣ ಎಂದ. ನನಗೆ ಸಿಟ್ಟು ಬಂತು. ದುಡ್ಡಿಲ್ಲದೆ ಕೂತಿದ್ದೇನೆಂದು ತಿಳಿದನಲ್ಲ! ದುಡ್ಡಿತ್ತು. ಟೈರು ಮಾರುವವನಿಗೆ ದರದ ಸೂಕ್ಷ್ಮ ಎಲ್ಲಿಂದ ಗೊತ್ತಾಗಬೇಕು ಎಂದು ಅಂದೇಬಿಟ್ಟೆ. ಅವನು ಚಹಾ ಕುಡಿಯದೆ ಹೋದ.

ನಿಜ ಹೇಳಬೇಕೆಂದರೆ ಅವಳ ಕಣ್ಣು ಹಾಳಾಗುತ್ತಿದೆ ಎಂದು ನನಗೆ ಅನ್ನಿಸುತ್ತಲೇ ಇರಲಿಲ್ಲ. ಕುಸುಮ ದಿನಾ ಪೇಪರು ಓದುತ್ತಿದ್ದಳು, ಸಣ್ಣಕ್ಷರ ಕೂಡ. ಸೂಜಿಗೆ ದಾರ ಪೋಣಿಸುತ್ತಿದ್ದಳು. ನಡುವಿನ ನೋಟ ಕೊನೆಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಲ್ಲ, ಅದನ್ನು ನಾನು ಒಳ್ಳೆಯ ಸುದ್ದಿ ಎಂದು ತಿಳಿದುಕೊಂಡಿದ್ದೆ. ಅವಳು ಜಗಲಿಯ ಮೆಟ್ಟಿಲಿಳಿಯುವಾಗ ಪಾದದಿಂದ ತಡಕುವುದನ್ನೂ, ಪಕ್ಕದಿಂದ ಬಂದು ಮಾತಾಡಿಸಿದರೆ ಬೆಚ್ಚುವುದನ್ನೂ ನೋಡಿಯೂ ನೋಡದವನ ಹಾಗಿದ್ದೆ. ಒಂದು ಬೆಳಿಗ್ಗೆ ನಾನು ಹಲಗೆ ಒರೆಸುತ್ತಿದ್ದಾಗ ಅವಳು ಆಫೀಸಿಗೆ ಹೊರಟು ಚಪ್ಪಲಿ ಹುಡುಕುತ್ತಿದ್ದಳು. ಚಪ್ಪಲಿ ಅವಳ ಕಾಲ ಪಕ್ಕದಲ್ಲೇ ಇತ್ತು.

'ಆ ಬೋರ್ಡಲ್ಲಿ ನನ್ನ ಕಣ್ಣಿಂದೂ ಒಂದು ಸಾಲು ಬರೀರಿ' ಎಂದಳು. 'ಅದು ದಿನಾ ಇಳೀತದೆ.'

ನಾನು ನಕ್ಕೆ. ಒಳ್ಳೆಯ ಮಾತು ಹೇಳಿದಳು ಎಂದು ಗೇಟಿನ ಬಳಿ ಬಂದ ಇಬ್ಬರಿಗೆ ಹೇಳಿಯೂ ಬಿಟ್ಟೆ. ಅವರೂ ನಕ್ಕರು.

ಬಸ್ಸಿನಲ್ಲಿ ಅವಳು ಕೇಳಿ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಇರುವಾಗ ಮುಂಬೈ ಬಿತ್ತು. ಬಿತ್ತು ಎಂದರೆ ಬಿತ್ತು, ನನ್ನ ಹಲಗೆ ಕಂಡಿರದ ದರ. ಜೋರು ಮಳೆಗಾಲದ ವಾರಾಂತ್ಯ, ಬುದ್ಧಿಯಿದ್ದವರು ಯಾರೂ ಆ ಕಡೆ ಹೋಗದ ದಿನಗಳು. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ 'ಪರವಾಗಿಲ್ಲವೇ!' ಅಂದುಬಿಡುತ್ತೀರಿ. ಆವತ್ತು ನಾನು ಊರೆಲ್ಲ ಮೀಸೆ ತಿರುವಿಕೊಂಡು ಓಡಾಡಿದೆ. ಸತೀಶನಿಗೂ ಫೋನು ಮಾಡಿ ಹೇಳಿದೆ. ಒಳ್ಳೇದಾಯ್ತು ಬಾವ ಎಂದಷ್ಟೇ ಹೇಳಿ ಇಟ್ಟ.

ಶನಿವಾರ ಸಂಜೆ ಮುಂಬೈಯಲ್ಲಿ ಮಳೆ ಬಿಟ್ಟಿತ್ತು. ನಮ್ಮ ಪುಣ್ಯ ಎಂದುಕೊಂಡೆ. ಸಮುದ್ರದ ದಂಡೆಯ ಕಟ್ಟೆಯ ಮೇಲೆ ಕುಸುಮಳನ್ನು ಕೈಹಿಡಿದು ಕೂರಿಸಿದೆ. ಅವಳು ಹಳೆಯ ರೇಷ್ಮೆ ಸೀರೆ ಉಟ್ಟಿದ್ದಳು, ಮಳೆಗಾಲಕ್ಕೆ ಬೇಡ ಎಂದರೂ ಕೇಳಿರಲಿಲ್ಲ. ಕತ್ತಲಾಗುತ್ತಾ ಬಂತು. ನೋಡನೋಡುತ್ತಿದ್ದಂತೆ ದೀಪ ಹೊತ್ತಿಕೊಂಡವು, ಈ ತುದಿಯಿಂದ ಆ ತುದಿಯವರೆಗೆ, ಅವಳು ಹೇಳಿದ್ದ ಹಾಗೆಯೇ. ಇಷ್ಟು ವರ್ಷ ಅವಳು ಉತ್ಪ್ರೇಕ್ಷೆ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಿರಲಿಲ್ಲ.

ಕಾಣ್ತದಾ ಎಂದೆ. ಕಾಣ್ತದೆ ಎಂದಳು. ಸೆರಗು ಹೊದ್ದುಕೊಂಡು, 'ಒಂದು' ಎಂದಳು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವಳ ಗಲ್ಲ ಹಿಡಿದು ಮುಖವನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದೆ. ಈಗ ಎಂದೆ. ಒಂದು ಎಂದಳು. ಇನ್ನೂ ಸ್ವಲ್ಪ ತಿರುಗಿಸಿದೆ. ಒಂದು. ಹೀಗೆ ಐದಾರು ದೀಪ ದಾಟಿರಬೇಕು. ಅವಳು ನನ್ನ ಕೈಯನ್ನು ಗಲ್ಲದಿಂದ ಬಿಡಿಸಿದಳು.

'ಸಾಕು ಬಿಡಿ. ಎಣಿಸೋಕೆ ಬಂದಿರ್ಲಿಲ್ಲ ನಾನು' ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನೀವೇ ನೋಡಿ ಹೇಳಿ ಎಂದಳು. ನಾನು ನೋಡಿದೆ. ಮೂವತ್ತೊಂದು ವರ್ಷ ಅಂಕಿಯ ಹೊರತು ಬೇರೇನನ್ನೂ ವರ್ಣಿಸಿ ಗೊತ್ತಿಲ್ಲದ ನಾನು, ಚೆನ್ನಾಗಿದೆ ಎಂದೆ. ಅವಳು ಇನ್ನೂ ಏನಾದರೂ ಬರಬಹುದೆಂದು ಕಾದಳು. ಬರಲಿಲ್ಲ.

ಊರಿಗೆ ಬಂದ ಮೇಲೆ ಹಲಗೆ ಇಳಿಸಿದೆ. ಹೋದ ತಿಂಗಳು ಹೊಸನಗರದ ಹಳೆಯ ಗಿರಾಕಿಯೊಬ್ಬರು ಮನೆಗೇ ಹುಡುಕಿಕೊಂಡು ಬಂದು, ಅಡಿಕೆ ಇಡಲೋ ಕೊಡಲೋ ಎಂದು ಕೇಳಿದರು. ಇವತ್ತೇ ಕೊಟ್ಟುಬಿಡಿ ಎಂದೆ. ಅವರು ನನ್ನನ್ನು ನಂಬಿ ಕೊಟ್ಟರು, ಮರುವಾರ ದರ ಏರಿತು. ಈಗ ಅವರು ಸಂತೆಯಲ್ಲಿ ಸಿಕ್ಕವರಿಗೆಲ್ಲ ನನಗೆ ಅರಳು ಮರಳು ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಹೇಳಲಿ.

ಜನ ಮಾತ್ರ ಇನ್ನೂ ಬಿಟ್ಟಿಲ್ಲ. ಗೇಟಿನ ಹತ್ತಿರ ನಿಂತು, ಮುಂಬೈ ಹೇಗಿತ್ತು ಕುಸುಮಕ್ಕ, ದೀಪ ನೋಡಿದ್ರಾ ಎಂದು ಕೇಳುತ್ತಾರೆ. ಅವಳು ದನಿ ಬಂದ ಕಡೆಗೆ ಮುಖ ತಿರುಗಿಸುತ್ತಾಳೆ. ತಿರುಗಿಸಿ, ಕೇಳಿದವರ ಮುಖ ಸಿಗುವವರೆಗೆ ಆಚೀಚೆ ಹುಡುಕುತ್ತಾಳೆ. ಸಿಕ್ಕ ಮೇಲೆ ನಗುತ್ತಾಳೆ.

'ಟಿಕೆಟ್ ತುಂಬಾ ಕಡಿಮೆಗೆ ಸಿಕ್ತು' ಎನ್ನುತ್ತಾಳೆ.

ಅವರು ಕೂಡಲೇ ನನ್ನ ಕಡೆ ತಿರುಗಿ, ಎಷ್ಟಕ್ಕೆ ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ.